ಹನ್ನೆರಡರ ತನಕ ಮೌನ

ಹಸಿದಾಗ ಕೈ ಎತ್ತುವ ಗಂಡಸು ವಾರವಿಡೀ ಊಟ ಬಿಡುತ್ತೇನೆಂದು ಹೊರಟರೆ, ಮನೆಯವರು ಮೊದಲು ಮಾಡಬೇಕಾದ ಕೆಲಸ ಬಡಿಗೆಗಳನ್ನು ಬಚ್ಚಿಡುವುದು. ಬೇಡಕಿಹಾಳದ ಭರತನ ಹೆಂಡತಿ ಸುಗಂಧಾಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಭರತನಿಗೆ ಬಡಿಗೆಯೇ ಬೇಕೆಂದೇನೂ ಇರಲಿಲ್ಲ, ಕೈಗೆ ಸಿಕ್ಕಿದ್ದೇ ಬಡಿಗೆ. ಸಾರಿಗೆ ಉಪ್ಪು ಕಡಿಮೆಯಾದ ದಿನ ಸೌಟು, ಜೋಳದ ಭಕ್ಕರಿ ತಣ್ಣಗಾದ ದಿನ ತಾಟು, ಏನೂ ಸಿಗದ ದಿನ ಅಂಗೈ. ಹೊಟ್ಟೆ ತುಂಬಿದ ಮೇಲೆ ಮಾತ್ರ ಅವನಷ್ಟು ಒಳ್ಳೆಯವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಪೆಟ್ಟು ತಿಂದವಳಿಗೆ ನಿಪ್ಪಾಣಿಯಿಂದ ಸೀರೆ ತರುತ್ತಿದ್ದ. ಸುಗಂಧಾಳ ಕಪಾಟಿನಲ್ಲಿ ಸೀರೆಗಳು ಬಹಳ ಇದ್ದವು.

ಉಪವಾಸದ ಹುಚ್ಚು ಹತ್ತಿಸಿದವನು ನಿಪ್ಪಾಣಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಗೆಳೆಯ ಶಿವರಾಜ. ಅವನೂ ಅವನ ಹೆಂಡತಿಯೂ ಒಂದು ವಾರ ಬರೀ ರಸ ಕುಡಿದು, ಸಡಿಲಾದ ಬಟ್ಟೆ ಹಿಡಿದು ನಿಂತ ಫೋಟೋವನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರ ಕೆಳಗೆ ಶಿವರಾಜ, "ಭರತ್ಯಾ, ಮುಂದಿನ ಸುಗ್ಗ್ಯಾಗ ಕಬ್ಬಿಗೊಂದ ಟ್ರ್ಯಾಲಿ, ನಿನ್ನ ಹೊಟ್ಟಿಗೊಂದ ಟ್ರ್ಯಾಲಿ ಹಚ್ಚಬೇಕ ನೋಡ" ಎಂದು ಬರೆದಿದ್ದ. ಗುಂಪಿನವರೆಲ್ಲ ನಕ್ಕಿದ್ದರು. ನಕ್ಕ ಒಬ್ಬೊಬ್ಬನ ಹೆಸರನ್ನೂ ಭರತ ಓದಿಕೊಂಡ.

"ನಾಳಿಂದ ನಾವೂ ಮಾಡೂದು. ಮುಂಜಾನಿ ರಸ, ಮಧ್ಯಾಹ್ನ ರಸ, ಹೊತ್ತ ಮುಳಗೂದ್ರಾಗ ಇನ್ನೊಮ್ಮೆ ರಸ," ಅಂದ.

"ನಂಗ್ಯಾಕ್ರಿ? ನನ್ನ ಹೊಟ್ಟಿ ಮೊದಲ ಬೆನ್ನಿಗೆ ಹತ್ತೇತಿ."

"ನಾ ಉಪಾಸ ಬೀಳೂದು, ನೀ ಎದರಿಗೆ ಕುಂತ ಭಕ್ಕರಿ ಮುರೀತಿ ಏನ? ಗಂಡ ಹೆಂಡ್ತಿ ಕೂಡೇ ಮಾಡಬೇಕಂತ. ಶಿವರಾಜನ ಹೆಂಡ್ತಿ ಮಾಡಿಲ್ಲೇನ?"

ಶಿವರಾಜನ ಹೆಂಡತಿ ಸ್ವಂತ ಮನಸ್ಸಿನಿಂದ ಮಾಡಿದ್ದಳೋ ಏನೋ, ಕೇಳುವವರು ಯಾರು.

ರಸಕ್ಕೆ ಗಜ್ಜರಿ, ಅಂದರೆ ಕ್ಯಾರೆಟ್, ಬೀಟ್‌ರೂಟ್, ಹಸಿ ಶುಂಠಿ ಬೇಕೆಂದು ಫೋನಿನಲ್ಲಿತ್ತು. ಅದನ್ನು ಕೇಳಿದ್ದೇ ಭರತನ ತಾಯಿ ರಾಜಮತಿ ದೇವರ ಕೋಣೆಯಿಂದ ಹೊರಗೆ ಬಂದಳು. ಜೈನರ ಮನೆ, ಚಾತುರ್ಮಾಸದ ದಿನಗಳು, ಊರ ಬಸದಿಯಲ್ಲಿ ಮುನಿ ಮಹಾರಾಜರು ಬಂದು ನಿಂತಿದ್ದರು. "ನೆಲದಾಗಿನ ಗಡ್ಡಿ ಈ ಹೊಸ್ತಲಾ ದಾಟಂಗಿಲ್ಲ. ಮಿಕ್ಸರಿಗೆ ಹಾಕಿ ನೀರ ಮಾಡಿದ್ರೂ ಗಡ್ಡಿ ಗಡ್ಡೀನ," ಎಂದಳು. ತಾಯಿಯ ಮಾತಿಗೆ ಭರತ ಎದುರಾಡಲಿಲ್ಲ. ಹಾಗಾಗಿ ಗಜ್ಜರಿಯ ಜಾಗಕ್ಕೆ ಸೋರೆಕಾಯಿ ಬಂತು. ಆ ಕಡೆ ಅದಕ್ಕೆ ಹಾಲಗುಂಬಳ ಅನ್ನುತ್ತಾರೆ.

ರಾಜಮತಿಯ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ಇರುವೆ ಸಾಲು ಕಂಡರೆ ಭರತನೂ ಕಾಲೆತ್ತಿ ದಾಟಿಕೊಂಡೇ ಹೋಗುತ್ತಾನೆ. ಇಷ್ಟೆಲ್ಲ ದಯೆ ಇರುವ ಮನೆಯಲ್ಲಿ ಸೊಸೆಯ ಪಾಲಿಗೆ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಧರ್ಮದ ತಪ್ಪಲ್ಲ ಅದು, ಸುಗಂಧಾಳ ತವರಿನಲ್ಲಿ, ಕಾಗವಾಡದ ಕಡೆಯ ಆ ಮನೆಯಲ್ಲಿ, ಇದೇ ಧರ್ಮ ಇತ್ತು, ಅಲ್ಲಿ ಅಪ್ಪ ಅವ್ವನಿಗೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವನಲ್ಲ.

ರಾಜಮತಿಗೆ ಇನ್ನೊಂದು ವ್ರತವಿತ್ತು. ಬೆಳಿಗ್ಗೆ ಎದ್ದಾಗಿನಿಂದ ಗೋಡೆ ಗಡಿಯಾರ ಹನ್ನೆರಡು ಹೊಡೆಯುವ ತನಕ ಮೌನ. ಮೊದಲು ಚಾತುರ್ಮಾಸಕ್ಕೆ ಮಾತ್ರ ಹಿಡಿಯುತ್ತಿದ್ದಳು. ಭರತನ ಮದುವೆಯಾದ ಮೇಲೆ, ಅವನ ಕೈ ಮೊದಲ ಸಲ ಎದ್ದ ವರ್ಷ, ಅದು ವರ್ಷಪೂರ್ತಿಯ ಮೌನವಾಯಿತು. ಭರತನ ಕೈ ಏಳುವುದೂ ಹೆಚ್ಚಾಗಿ ಬೆಳಗಿನ ಹೊತ್ತೇ. ಹನ್ನೆರಡಾದ ಮೇಲೆ ಬಾಯಿ ಬಿಟ್ಟವಳು ಮಳೆಯ ಬಗ್ಗೆ, ಬಸದಿಯ ಬಗ್ಗೆ ಮಾತಾಡುತ್ತಿದ್ದಳು. ಪುಣ್ಯಕ್ಕೆ ಪುಣ್ಯವೂ ಆಯಿತು, ಕೆಲಸಕ್ಕೆ ಕೆಲಸವೂ ಆಯಿತು.

ಮಗಳು ಕೋಮಲಳನ್ನು ಸುಗಂಧಾ ಹಟ ಹಿಡಿದು ಅಥಣಿಯ ಹಾಸ್ಟೆಲಿಗೆ ಸೇರಿಸಿದ್ದಳು. ಒಳ್ಳೆಯ ಶಾಲೆ ಎಂದು ಊರಿಗೆ ಹೇಳಿದ್ದಳು. ಮಗಳು ಇದನ್ನೆಲ್ಲ ನೋಡಬಾರದು ಎಂಬುದು ಒಳಗಿನ ಮಾತು. ಕಣ್ಣ ಕೆಳಗೆ ಕಪ್ಪಾದಾಗ ಬಚ್ಚಲಲ್ಲಿ ಜಾರಿದೆ, ತುಟಿ ಒಡೆದಾಗ ಎಮ್ಮೆ ಹಾಯ್ದಿತು ಅನ್ನುತ್ತಿದ್ದಳು. ಕೇಳಿದವರು ನಂಬಿದಂತೆ ಮಾಡುತ್ತಿದ್ದರು.

ಮೊದಲ ದಿನ ಭರತ ಹುರುಪಿನಲ್ಲಿದ್ದ. ಎರಡು ಲೋಟಗಳ ಫೋಟೋ ತೆಗೆದು ಗುಂಪಿಗೆ ಹಾಕಿದ. ಸಂಜೆಯ ಹೊತ್ತಿಗೆ ತಲೆ ಹಿಡಿದುಕೊಂಡು ಕುಳಿತ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದದ್ದೇ ಎದ್ದು ಹೋಗಿ ಕಿಟಕಿಯನ್ನು ಎಷ್ಟು ಜೋರಾಗಿ ಮುಚ್ಚಿದನೆಂದರೆ ಗಾಜು ಉದುರಿತು. ಗಾಜು ಗುಡಿಸುತ್ತಿದ್ದ ಸುಗಂಧಾಳ ಬೆನ್ನಿಗೆ, ದಾರಿಗೆ ಅಡ್ಡ ಬಂದಳೆಂದು, ಒಂದು ಒದ್ದ.

ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಗೆ ಹೋದ ಸುಗಂಧಾಳಿಗೆ ಹಿಂಡಿಯ ಬುಟ್ಟಿಯ ಕೆಳಗೆ ಒಂದು ಬಟ್ಟಲು ಕಂಡಿತು. ಒಳಗೆ ಅರ್ಧ ಭಕ್ಕರಿ, ಮೇಲೆ ಶೇಂಗಾ ಚಟ್ನಿ. ಇಟ್ಟವಳು ಅತ್ತೆ. ರಾಜಮತಿಗೆ ಮನಸ್ಸಿರಲಿಲ್ಲ ಅನ್ನುವಂತಿಲ್ಲ, ಮನಸ್ಸಿತ್ತು, ಅದಕ್ಕೆ ಬಾಯಿ ಇರಲಿಲ್ಲ. ಸುಗಂಧಾ ಅಲ್ಲೇ ನಿಂತು ಗಬಗಬನೆ ತಿಂದಳು.

ಒಳಗೆ ಬಂದವಳ ಎದುರಿಗೆ ಭರತ ನಿಂತಿದ್ದ. ಹಸಿದವನ ಮೂಗು ನಾಯಿಯ ಮೂಗು.

"ಬಾಯಿ ತಗಿ."

"ಯಾಕ್ರಿ?"

"ತಗೀಬೇ ಅಂದೆ!"

ಎಡಗೈಯಿಂದ ದವಡೆ ಹಿಡಿದು ಒತ್ತಿ, ಬಲಗೈಯ ಎರಡು ಬೆರಳುಗಳನ್ನು ಅವಳ ಬಾಯೊಳಗೆ ತುರುಕಿದ. ಒಸಡಿನ ಸಂದಿಯಲ್ಲಿ ಬೆರಳಾಡಿಸಿ ಶೇಂಗಾದ ಚೂರೊಂದನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿದ. ನೋಡಿ, ಅವಳ ತಲೆಯನ್ನು ಗೋಡೆಗೆ ಬಡಿದ. ಒಂದು ಸಲವಲ್ಲ, ಸುಣ್ಣ ಉದುರುವ ತನಕ. "ನಾ ಸಾಯಾಕತ್ತೇನಿ, ನೀ ಕದ್ದ ತಿಂತಿ?" ಕೆಳಗೆ ಬಿದ್ದವಳ ಹೊಟ್ಟೆಗೆ ಒದ್ದ. ದೇವರ ಕೋಣೆಯಲ್ಲಿ ರಾಜಮತಿಯ ಜಪಮಾಲೆಯ ಮಣಿಗಳು ಬೇಗಬೇಗ ಸರಿದವು. ಆ ಬಟ್ಟಲು ಇಟ್ಟವಳು ನಾನು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹನ್ನೆರಡಾಗಿರಲಿಲ್ಲ.

ಮೂರನೆಯ ಬೆಳಿಗ್ಗೆ ಸಂತೆಯ ಕಾಯಿ ಮುಗಿದಿತ್ತು. ಭರತ ಕಬ್ಬಿನ ಹೊಲಕ್ಕೆ ಹೋಗಿ, ಬದುವಿನ ಮೇಲೆ ತಾನಾಗಿ ಹಬ್ಬಿದ್ದ ಬಳ್ಳಿಯಿಂದ ಎರಡು ಹಾಲಗುಂಬಳ ಕಿತ್ತು ತಂದ. ಅವನಿಗೆ ಅದೊಂದು ಹೆಮ್ಮೆ. "ಯಾರೂ ಬಿತ್ತಿಲ್ಲ, ಗೊಬ್ಬರ ಹಾಕಿಲ್ಲ, ಹುಳದ ಎಣ್ಣಿ ಹೊಡದಿಲ್ಲ. ಅಸಲ ಗಾವಠಿ ಮಾಲ. ಶಿವರಾಜಗ ಎಲ್ಲಿ ಸಿಗಬೇಕ ಇಂಥಾದ್ದು?"

ಸುಗಂಧಾಳ ಅವ್ವ ಹಾಲಗುಂಬಳವಾಗಲಿ, ಸೌತೆಯಾಗಲಿ, ತುದಿ ಕಚ್ಚಿ ನೋಡದೆ ಹೆಚ್ಚಿದವಳಲ್ಲ. ಬಿತ್ತದೆ ಹುಟ್ಟಿದ ಬಳ್ಳಿಯ ಕಾಯನ್ನಂತೂ ಎರಡು ಸಲ ನೋಡಬೇಕು, ಕಹಿ ಇದ್ದರೆ ದನಕ್ಕೂ ಹಾಕಬಾರದು ಅನ್ನುತ್ತಿದ್ದಳು. ರಾಜಮತಿಯ ಅಡುಗೆಮನೆಯಲ್ಲಿ ರುಚಿ ನೋಡುವಂತಿರಲಿಲ್ಲ. ಮಹಾರಾಜರಿಗೆ ಆಹಾರ ಕೊಡುವ ಮನೆ, ಎಂಜಲಾಗುತ್ತದೆ. ಸುಗಂಧಾ ಅತ್ತೆಯ ಕಣ್ಣು ತಪ್ಪಿಸಿ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡಳು. ನಾಲಿಗೆ ಸುಟ್ಟಂತಾಯಿತು. ಬೇವು, ಹಾಗಲ ಯಾವುದೂ ಅದರ ಮುಂದೆ ಏನಲ್ಲ. ಮೋರಿಗೆ ಉಗುಳಿ, ಬಾಯಿ ತೊಳೆದು, ಹೊರಗೆ ಬಂದು ಹೇಳಿದಳು.

"ರೀ, ಇದು ಕಹಿ ಐತ್ರಿ. ಕಹಿ ಹಾಲಗುಂಬಳ ವಿಷ ಆಕ್ಕತಿ. ಬ್ಯಾಡ್ರಿ, ಚೆಲ್ಲಿಬಿಡೂನ್ರಿ."

ಬಾಗಿಲಲ್ಲಿ ಜಪಮಾಲೆ ಹಿಡಿದು ನಿಂತಿದ್ದ ರಾಜಮತಿ ಇದನ್ನು ಕೇಳಿದಳು. ಸುಗಂಧಾಳ ಕಣ್ಣು ಅವಳ ಕಣ್ಣನ್ನು ಸಂಧಿಸಿತು ಕೂಡ.

"ನಿನ್ನೆ ಭಕ್ಕರಿ, ಇವತ್ತ ಈ ನೆವ," ಅಂದ ಭರತ. "ಹಾಗಲಕಾಯಿ ಕಹಿ ಇರಾಂಗಿಲ್ಲೇನ? ಕಹಿ ಇದ್ದಷ್ಟೂ ಔಷಧ ಅದು."

"ಹಾಗಲದ ಕಹಿ ಬ್ಯಾರೆರಿ. ನಿಮ್ಮ ಕಾಲ ಬೀಳ್ತೀನಿ…"

ಅವನು ಅವಳನ್ನು ಪಕ್ಕಕ್ಕೆ ದಬ್ಬಿ ತಾನೇ ಕಾಯಿ ಹೆಚ್ಚಿದ. ಮಿಕ್ಸರಿಗೆ ಹಾಕಿ ತಿರುಗಿಸಿದ. ಸೋಸಲು ಏನೂ ಸಿಗದೆ ಗೂಟಕ್ಕೆ ನೇತು ಹಾಕಿದ್ದ, ಕುಡಿಯುವ ನೀರು ಸೋಸುವ ಬಟ್ಟೆಯನ್ನು ಎಳೆದುಕೊಂಡು ಹಿಂಡಿದ. ರಾಜಮತಿ ಚಟಚಟ ಚಪ್ಪಾಳೆ ತಟ್ಟಿ, ಬಟ್ಟೆಯ ಕಡೆ ಕೈ ತೋರಿಸಿ ಬೇಡ ಬೇಡವೆಂದು ತಲೆಯಾಡಿಸಿದಳು. ಬಟ್ಟೆ ಮೈಲಿಗೆಯಾಯಿತೆಂದು ಅಷ್ಟು ಸಂಕಟಪಟ್ಟವಳು, ಮುಂದೆ ಆದದ್ದಕ್ಕೆ ಚಪ್ಪಾಳೆ ತಟ್ಟಲಿಲ್ಲ.

ಮುಂದೆ ಆದದ್ದು ಹೀಗೆ. ಸುಗಂಧಾ ಲೋಟ ಮುಟ್ಟಲಿಲ್ಲ. ಭರತ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಮುಖವನ್ನು ಒಲೆಕಟ್ಟೆಯ ಕಡಪ ಕಲ್ಲಿಗೆ ಬಡಿದ. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿಯಿತು. ಬಾಯಿ ತೆರೆದದ್ದೇ ತಡ, ಲೋಟದ ಅಂಚನ್ನು ಹಲ್ಲಿನ ನಡುವೆ ತುರುಕಿ ಸುರಿದ. ಮೂಗು ಹಿಡಿದ. ರಕ್ತ, ರಸ ಎರಡೂ ಕೂಡಿ ಗಂಟಲಲ್ಲಿ ಇಳಿಯಿತು. ಅವಳು ಕೊಸರಿಕೊಂಡು, ಬಾಯಲ್ಲಿ ಉಳಿದದ್ದನ್ನು ಅವನ ಮುಖಕ್ಕೇ ಉಗುಳಿದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ತಿರುಗಿ ಮಾಡಿದ್ದು ಅದೊಂದೇ. ಅವನು ಅವಳ ಕೆನ್ನೆಗೆ ಬಾರಿಸಿ, ಮುಖ ಒರೆಸಿಕೊಂಡು, ತನ್ನ ಲೋಟ ಎತ್ತಿದ.

"ನೋಡಿಲ್ಲೆ. ಗಂಡಸ ಹೆಂಗ ಕುಡೀತಾನ ನೋಡ."

ಗಟಗಟನೆ ಕುಡಿದ. ಮುಖ ಕಿವುಚಿಕೊಂಡಿತು, ಆದರೂ ಬಿಡಲಿಲ್ಲ. ಮಿಕ್ಸರಿನ ತಳದಲ್ಲಿ ಉಳಿದದ್ದನ್ನೂ ಬಗ್ಗಿಸಿಕೊಂಡು ಕುಡಿದ. ಹಟಕ್ಕೆ ಬಿದ್ದವನಿಗೆ ನಾಲಿಗೆ ಹೇಳಿದ್ದು ಕೇಳಿಸುವುದಿಲ್ಲ.

ಸುಗಂಧಾ ಹಿತ್ತಲಿಗೆ ಓಡಿ, ಗಂಟಲಿಗೆ ಬೆರಳು ಹಾಕಿ ಎಲ್ಲವನ್ನೂ ಕಕ್ಕಿದಳು. ಕಕ್ಕಿ, ನೀರು ಕುಡಿದು, ಮತ್ತೆ ಕಕ್ಕಿದಳು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಭರತನ ಸದ್ದು ಕೇಳಿಸಿತು. ಬಚ್ಚಲಿಗೂ ಅಂಗಳಕ್ಕೂ ಓಡಾಡುತ್ತಿದ್ದ. ಮೊದಲು ಹಸಿರು ಬಂತು, ಆಮೇಲೆ ಹಳದಿ, ಆಮೇಲೆ ಕೆಂಪು. ರಕ್ತ ಕಂಡದ್ದೇ ಅವನ ಕಣ್ಣು ತಿರುಗಿತು.

"ಎಣ್ಣಿ ಹಾಕಿದಿ! ಕಬ್ಬಿನ ಹುಳಕ್ಕ ಹೊಡಿಯೂ ಎಣ್ಣಿ ಹಾಕಿದಿ ಏನಬೇ ರಂಡೆ!"

ದನಕ್ಕೆ ಕಬ್ಬಿನ ಸೋಗೆ ಕಡಿಯುವ ಕೊಯ್ತಾ ಕೊಟ್ಟಿಗೆಯ ಕಂಬಕ್ಕೆ ಸಿಕ್ಕಿಸಿತ್ತು. ಅದನ್ನು ಕಿತ್ತುಕೊಂಡು ಬಂದ. ಸುಗಂಧಾ ಓಡಿದಳು, ಆದರೆ ವಾಂತಿಯಿಂದ ಅವಳ ಕಾಲಿನಲ್ಲೂ ಶಕ್ತಿ ಇರಲಿಲ್ಲ. ಬೀಸಿದಾಗ ಮುಖಕ್ಕೆ ಅಡ್ಡ ಹಿಡಿದ ಮುಂಗೈಯನ್ನು ಕೊಯ್ತಾ ಸೀಳಿತು. ಎರಡನೆಯ ಏಟು ಬಾಗಿಲ ಚೌಕಟ್ಟಿಗೆ ಬಿದ್ದು ಕಟ್ಟಿಗೆಯಲ್ಲಿ ಹುಗಿದುಕೊಂಡಿತು. ಅದನ್ನು ಕೀಳಲು ಹೋದವನು ಹೊಟ್ಟೆ ಹಿಡಿದು ಅಲ್ಲೇ ಮಡಚಿ ಬಿದ್ದ. ಬಿದ್ದವನ ಬಾಯಿಂದ ರಕ್ತ ಕಲ್ಲುಹಾಸಿನ ಮೇಲೆ ಹರಿಯಿತು. ಒಂದು ಕೈ ಅವಳ ಕಾಲಿನ ಗೆಣ್ಣನ್ನು ಹಿಡಿಯಲು ಚಾಚಿಕೊಂಡಿತ್ತು.

ಸುಗಂಧಾ ಎರಡು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದೇಕೆ, ಮದುವೆಯಾದಾಗಿನಿಂದ ಆಗದಷ್ಟು ಸಂತೋಷವಾಯಿತು. ಒಳಗೆ ಹೋಗಿ ಅಗಳಿ ಹಾಕಿ ಕುಳಿತರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ರಾಜಮತಿ ಓಡಿ ಬಂದು ಎದೆ ಎದೆ ಬಡಿದುಕೊಂಡಳು, ಸೊಸೆಯ ಭುಜ ಹಿಡಿದು ಅಲುಗಾಡಿಸಿದಳು, ಬೀದಿಯ ಕಡೆ ಕೈ ತೋರಿಸಿದಳು. ಮಗ ಸಾಯುತ್ತಿದ್ದರೂ ಅವಳ ತುಟಿ ಬಿಚ್ಚಿರಲಿಲ್ಲ.

ಆ ಹೊತ್ತಿನಲ್ಲಿ ಸುಗಂಧಾಳಿಗೆ ಕೋಮಲ ನೆನಪಾದಳು. ಅಪ್ಪ ಸಾಯುವಾಗ ನೀನು ಎಲ್ಲಿದ್ದೆ ಎಂದು ಆ ಹುಡುಗಿ ಒಂದಲ್ಲ ಒಂದು ದಿನ ಕೇಳುತ್ತಾಳೆ. ಬಾಗಿಲಾಚೆ ನಿಂತಿದ್ದೆ ಎಂದು ಹೇಳಬೇಕು. ಬಾಗಿಲಾಚೆ ನಿಲ್ಲುವುದೆಂದರೆ ಏನೆಂದು ಅತ್ತೆಯನ್ನು ನೋಡಿ ನೋಡಿ ಅವಳಿಗೆ ಗೊತ್ತಿತ್ತು. ಸೆರಗನ್ನು ಮುಂಗೈಗೆ ಬಿಗಿದು ಸುತ್ತಿಕೊಂಡು ಬೀದಿಗೆ ಹೋಗಿ ಕೂಗಿದಳು.

"ಜ್ಞಾನದೇವಣ್ಣಾ! ಗಾಡಿ ತಗೀರಿ!"

ನೆರೆಮನೆಯ ಜ್ಞಾನದೇವನ ಓಮ್ನಿ ಚಿಕ್ಕೋಡಿಯ ಕಡೆ ಓಡಿತು. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆ ಇಟ್ಟ ಭರತ, ಉಸಿರು ಬಂದಾಗಲೆಲ್ಲ ಅದೊಂದನ್ನೇ ಹೇಳುತ್ತಿದ್ದ. "ಎಣ್ಣಿ ಹಾಕ್ಯಾಳ… ಜ್ಞಾನ್ಯಾ, ನೀನ ಸಾಕ್ಷಿ…"

ಜ್ಞಾನದೇವ ಪಕ್ಕದಲ್ಲಿ ಕುಳಿತವಳ ಕಡೆ ನೋಡದೆ ಕೇಳಿದ, "ವೈನಿ, ಖರೇನ್ರಿ?"

"ಇಲ್ಲಣ್ಣಾ. ಹಾಲಗುಂಬಳ ಕಹಿ ಇತ್ತು. ಬ್ಯಾಡ ಅಂದ್ರೂ ಕುಡದ್ರು."

"ಹಾಲಗುಂಬಳ ತಿಂದ ಯಾರರೇ ರಕ್ತ ಕಾರ್ತಾರೇನ್ರಿ?"

"ಅತ್ತಿ ಅಲ್ಲೇ ನಿಂತಿದ್ರು. ಅವರನ್ನ ಕೇಳ್ರಿ."

ಜ್ಞಾನದೇವ ಕನ್ನಡಿಯಲ್ಲಿ ರಾಜಮತಿಯನ್ನು ನೋಡಿದ. ಅವಳು ಕಣ್ಣು ಮುಚ್ಚಿ ಮಣಿ ಎಣಿಸುತ್ತಿದ್ದಳು. ಅವನು ಸುಗಂಧಾಳಿಂದ ಆಚೆ ಸರಿದು ಕುಳಿತು ಗಾಡಿ ಓಡಿಸಿದ. ಅವಳಿಗೆ ಭಯ ಹೊಕ್ಕಿತು. ಇನ್ನು ಮೇಲೆ ಊರು ಹೇಳುವುದು ಇದನ್ನೇ. ಜೈಲು, ಆಮೇಲೆ ಕೋಮಲ ಈ ಮನೆಯವರ ಕೈಗೆ. ಹೊಡೆತ ತಿಂದದ್ದೂ ಅವಳೇ, ಕೊಲೆಗಾತಿಯೂ ಅವಳೇ.

ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಬಂತು. ಡಾಕ್ಟರ್ ಹೆಂಗಸು, ಚಿಕ್ಕ ವಯಸ್ಸಿನವಳು, ಭರತನ ಕಣ್ಣು ಬಿಡಿಸಿ ನೋಡಿ, ಬಾಯಿ ಮೂಸಿ, ಸಲೈನ್ ಹಚ್ಚಲು ಹೇಳಿದಳು. "ಏನ್ ಕುಡದಾರ?"

"ಎಣ್ಣಿ… ಹೆಂಡ್ತಿ ಹಾಕ್ಯಾಳ…" ಅಂದ ಭರತ.

ಆಸ್ಪತ್ರೆಯಲ್ಲಿದ್ದ ಪೊಲೀಸ್ ಹವಾಲ್ದಾರ ಈ ಮಾತು ಕೇಳಿದ್ದೇ ಹತ್ತಿರ ಬಂದು, ಕಿಸೆಯಿಂದ ಪೆನ್ನು ತೆಗೆದ.

"ಇಲ್ರಿ ಬಾಯಾರ, ಕಹಿ ಹಾಲಗುಂಬಳದ ರಸ," ಎಂದಳು ಸುಗಂಧಾ.

ಡಾಕ್ಟರ್ ಇಬ್ಬರನ್ನೂ ನೋಡಿದಳು. "ಎಣ್ಣಿ ವಾಸನಿ ಅಂತೂ ಇಲ್ಲ. ಆದ್ರ ಎಣ್ಣಿಗೆ ಕೊಡೂ ಇಂಜೆಕ್ಷನ್ನ ಬ್ಯಾರೆ. ಸುಮ್ಮನ ಕೊಟ್ರ ಇವರ ಜೀವಕ್ಕ ಕುತ್ತು, ಕೊಡಲಿಲ್ಲಂದ್ರೂ ಕುತ್ತು. ನೋಡಿದವರು ಮತ್ತ ಯಾರದಾರ?"

ಎಲ್ಲರೂ ಬೆಂಚಿನ ಮೇಲೆ ಕುಳಿತ ರಾಜಮತಿಯ ಕಡೆ ತಿರುಗಿದರು. ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಇನ್ನೂ ಬಹಳ ಹೊತ್ತಿತ್ತು.

"ಅತ್ತಿ," ಎಂದಳು ಸುಗಂಧಾ. "ಒಂದ ಮಾತ ಹೇಳ್ರಿ. ನಿಮ್ಮ ಕಣ್ಣ ಮುಂದನ ಆಗೇತಿ."

ಭರತ ಮತ್ತೆ ಕಕ್ಕಿದ, ನೆಲವೆಲ್ಲ ಕೆಂಪಾಯಿತು. ರಾಜಮತಿ ಮಗನನ್ನು ನೋಡಿದಳು. ಜಪಮಾಲೆಯನ್ನು ಮಡಿಲಲ್ಲಿ ಇಟ್ಟಳು. ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಬೆಳಗಿನ ಮೌನ ಒಡೆಯಿತು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಇತ್ತು ಆ ದನಿ.

"ಎಣ್ಣಿ ಅಲ್ಲರಿ. ಹಾಲಗುಂಬಳ. ಕಹಿ ಐತಿ, ವಿಷ ಐತಿ, ಕುಡೀಬ್ಯಾಡ್ರಿ ಅಂತ ಆಕಿ ಹೇಳಿದ್ಳು. ನಾ ಕೇಳೇನಿ. ಇವನೇ ಕೈಲೆ ಹಿಂಡಿ ಕುಡದಾನ. ನನ್ನ ಮಗನ್ನ ಉಳಿಸ್ರಿ ಬಾಯಾರ."

ಡಾಕ್ಟರ್ ತಡಮಾಡಲಿಲ್ಲ. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಜ್ಞಾನದೇವ ತಲೆ ತಗ್ಗಿಸಿದ. ಸುಗಂಧಾಳ ಕಣ್ಣಲ್ಲಿ ನೀರು ದಳದಳನೆ ಇಳಿಯಿತು. ಅತ್ತೆಯ ಕಾಲಿಗೆ ಬೀಳಬೇಕು ಅನ್ನಿಸಿತು ಅವಳಿಗೆ.

ಹವಾಲ್ದಾರ ಸುಗಂಧಾಳ ಸೆರಗಿನಿಂದ ತೊಟ್ಟಿಕ್ಕುತ್ತಿದ್ದ ರಕ್ತ ನೋಡಿದ. ಮುರಿದ ಹಲ್ಲು, ಊದಿದ ಹಣೆ ನೋಡಿದ. ರಾಜಮತಿಯ ಕಡೆ ತಿರುಗಿ ಕೇಳಿದ, "ಅಜ್ಜಿ, ಎಲ್ಲಾ ನೋಡೇನಿ ಅಂತೀರಿ. ಮತ್ತ ಈಕಿಗೆ ಇದನ್ನೆಲ್ಲಾ ಯಾರ ಮಾಡಿದ್ರು?"

ರಾಜಮತಿ ಸೊಸೆಯನ್ನು ಒಮ್ಮೆ ನೋಡಿದಳು. ಮಡಿಲಿನಿಂದ ಜಪಮಾಲೆ ಎತ್ತಿಕೊಂಡಳು. ಗಡಿಯಾರದ ಕಡೆ ಕೈ ತೋರಿಸಿ, ಬೆರಳನ್ನು ತುಟಿಗೆ ಅಡ್ಡ ಇಟ್ಟು, ಕಣ್ಣು ಮುಚ್ಚಿದಳು.

ಮಗನಿಗಾಗಿ ಮುರಿದ ವ್ರತ ಸೊಸೆಗಾಗಿ ಮತ್ತೆ ಕೂಡಿಕೊಂಡಿತು. ಸುಗಂಧಾ ಅತ್ತೆಯನ್ನೇ ನೋಡುತ್ತ ನಿಂತಳು. ಗೋಡೆಗೆ ತಲೆ ಬಡಿದಾಗ ಆಗದಷ್ಟು ನೋವಾಯಿತು. ಅದೂ ಸ್ವಲ್ಪ ಹೊತ್ತು. ಆಮೇಲೆ ಇಷ್ಟು ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದ ಏನೋ ಒಂದು, ಬಹುಶಃ ಇದೇ ಮುದುಕಿಯ ಮೇಲಿನ ಆಸೆ, ಕಳಚಿ ಬಿತ್ತು.

"ಬಚ್ಚಲದಾಗ ಜಾರಿದ್ರೇನ್ರಿ?" ಹವಾಲ್ದಾರ ಕೇಳಿದ. ಇಂಥ ಹೆಂಗಸರನ್ನು ಬಹಳ ನೋಡಿದವನು, ಉತ್ತರವನ್ನೂ ತಾನೇ ಕೈಗೆ ಕೊಟ್ಟ.

"ಜಾರಿಲ್ರಿ," ಎಂದಳು ಸುಗಂಧಾ. ಸೆರಗು ಬಿಚ್ಚಿ ಸೀಳಿದ ಮುಂಗೈಯನ್ನು ಮುಂದೆ ಚಾಚಿದಳು. "ನನ್ನ ಗಂಡ ಕೊಯ್ತಾಲೆ ಹೊಡದಾನ. ಮಾರಿ ಒಲಿಕಟ್ಟಿಗೆ ಬಡದ ಹಲ್ಲ ಮುರದಾನ. ಇವತ್ತಿಂದಷ್ಟ ಅಲ್ರಿ, ಮೊದಲಿಂದ ಹೇಳ್ತೀನಿ."

ರಾಜಮತಿಯ ಕಣ್ಣು ಫಕ್ಕನೆ ತೆರೆಯಿತು. ಎದ್ದು ಬಂದು ಸೊಸೆಯ ರಟ್ಟೆ ಹಿಡಿದು, ಮೌನವನ್ನು ಎರಡನೆಯ ಸಲ ಮುರಿದು ಪಿಸುಗುಟ್ಟಿದಳು, "ಬ್ಯಾಡಬೇ ಸುಗಂಧಾ, ಮನೀ ಮಾತ ಮನ್ಯಾಗ…"

ಸುಗಂಧಾ ತನ್ನ ರಕ್ತದ ಬೆರಳನ್ನು ಅತ್ತೆಯ ತುಟಿಯ ಮೇಲೆ ಮೆಲ್ಲಗೆ ಇಟ್ಟಳು.

"ಅತ್ತಿ, ಇನ್ನಾ ಹನ್ನೆರಡ ಹೊಡದಿಲ್ರಿ. ನೀವ ಸುಮ್ಮನಿರ್ರಿ."

ಆಮೇಲೆ ಹವಾಲ್ದಾರನ ಕಡೆ ತಿರುಗಿದಳು.

"ಬರಕೋರಿ, ಸಾಹೇಬ್ರ."